ಕರೆಂಟ್ ಹಾಕಿ ಕತ್ತರಿಸುವುದೋ, ಸುಮ್ನೆ ಕತ್ತರಿಸುವುದೋ? ವಾರ್ಫರಿನ್ ಸೇವಿಸುವ ರೋಗಿಯ ಸಣ್ಣ ಪಾಲಿಪ್‌ಗಳು: ಒಂದು ಪ್ರಕರಣ ಅಧ್ಯಯನ

ರೋಗಿ 56 ವರ್ಷದ ಮಹಿಳೆ. ಮಲೆನಾಡಿನ ಒಳಭಾಗದವರು, ಅಡಿಕೆ ತೋಟದ ಮನೆ. ಎಂಡೋಸ್ಕೋಪಿ ಸೌಲಭ್ಯ ಇರುವ ಆಸ್ಪತ್ರೆ ತಲುಪಲು ಅಲ್ಲಿಂದ ಎರಡು ಗಂಟೆ ಬೇಕು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಮೈಟ್ರಲ್ ಕವಾಟ ಹಾಳಾಗಿತ್ತು. ಅದರ ಜಾಗದಲ್ಲಿ ಯಾಂತ್ರಿಕ ಕವಾಟ, ಜನ ಮೆಟಲ್ ವಾಲ್ವ್ ಅನ್ನುತ್ತಾರಲ್ಲ ಅದು, ಹಾಕಿ ವರ್ಷಗಳೇ ಆಗಿವೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಚಿಕಿತ್ಸೆಯ ವಿವರ ಬದಲಿಸಿಲ್ಲ.

ಬಂದ ಕಾರಣ ಮಲದಲ್ಲಿ ಆಗಾಗ ಕಾಣುತ್ತಿದ್ದ ಕೆಂಪು ರಕ್ತ. ಅದು ಮೂಲವ್ಯಾಧಿಯದ್ದೇ ಎಂದು ಪರೀಕ್ಷೆ ಮಾಡಿದ ಕೂಡಲೇ ಗೊತ್ತಾಯಿತು. ಆದರೆ ಮಾತಿನ ನಡುವೆ ಮಗ ಹೇಳಿದ, "ನಮ್ಮ ದೊಡ್ಡ ಮಾವಂಗೆ ಕರುಳಿನ ಕ್ಯಾನ್ಸರ್ ಆಗಿತ್ತು ಡಾಕ್ಟ್ರೇ, 52ನೇ ವಯಸ್ಸಲ್ಲಿ." ದೊಡ್ಡ ಮಾವ ಅಂದರೆ ಈ ತಾಯಿಯ ಅಣ್ಣ. ಒಡಹುಟ್ಟಿದವರಿಗೆ 60ರೊಳಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಮೂಲವ್ಯಾಧಿ ಇರಲಿ ಬಿಡಲಿ, ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಲೇಬೇಕು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್‌ಗೆ ಸರ್ಕಾರದ ತಪಾಸಣೆ ಕಾರ್ಯಕ್ರಮ ಇಲ್ಲ. ಬಾಯಿ, ಸ್ತನ, ಗರ್ಭಕಂಠಕ್ಕೆ ಇದೆ, ಕರುಳಿಗೆ ಇಲ್ಲ. ಹೀಗೆ ಮಾತಿನ ಮಧ್ಯೆ ಹೊರಬಿದ್ದ ಒಂದು ವಾಕ್ಯದಿಂದಲೇ ಎಷ್ಟೋ ಜನ ಪರೀಕ್ಷೆಗೆ ಬರುತ್ತಾರೆ.

ಮಾತ್ರೆ ನಿಲ್ಲಿಸಬೇಕೇ?

ಕೊಲೊನೋಸ್ಕೋಪಿ ಮಾಡಲು ಏನೂ ತೊಂದರೆ ಇರಲಿಲ್ಲ. ಪಾಲಿಪ್, ಅಂದರೆ ಕರುಳಿನ ಒಳಪೊರೆಯಲ್ಲಿ ಬೆಳೆಯುವ ಉಬ್ಬು, ಸಿಕ್ಕರೆ ಏನು ಮಾಡುವುದು ಅನ್ನುವುದೇ ಪ್ರಶ್ನೆ. ಹಳೇ ಪದ್ಧತಿ ಹೀಗಿತ್ತು: ಐದು ದಿನ ಮುಂಚೆ ವಾರ್ಫರಿನ್ ನಿಲ್ಲಿಸಿ, ಆ ಖಾಲಿ ದಿನಗಳಿಗೆ ರಕ್ತ ತೆಳು ಮಾಡುವ ಇನ್ನೊಂದು ಔಷಧಿ ಹೆಪಾರಿನ್ ಇಂಜೆಕ್ಷನ್ ಕೊಟ್ಟು, ಪಾಲಿಪ್ ತೆಗೆದು, ಮತ್ತೆ ಎರಡನ್ನೂ ಶುರುಮಾಡಿ, ಐಎನ್‌ಆರ್ (ವಾರ್ಫರಿನ್ ರಕ್ತವನ್ನು ಎಷ್ಟು ತೆಳು ಮಾಡಿದೆ ಎಂದು ತೋರಿಸುವ ಸಂಖ್ಯೆ) ಮೇಲೆ ಬರುವ ತನಕ ಕಾಯುವುದು. ಯಾಂತ್ರಿಕ ಮೈಟ್ರಲ್ ಕವಾಟ ಇರುವವರಲ್ಲಿ ಈ ಏರಿಳಿತ ಚಿಲ್ಲರೆ ವಿಷಯ ಅಲ್ಲ. ಕವಾಟದ ಮೇಲೆ ಹೆಪ್ಪುಗಟ್ಟಿದರೆ ಪಾರ್ಶ್ವವಾಯು, ಕೆಲವೊಮ್ಮೆ ಕವಾಟವೇ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ರಕ್ತಸ್ರಾವ ಕಡಿಮೆ ಆಗುತ್ತದೆಯೇ ಅಂದರೆ, ಇಲ್ಲ. ಹೆಪಾರಿನ್ ಕೊಟ್ಟವರಲ್ಲೇ ಜಾಸ್ತಿ.

ಜಪಾನಿನ 30 ಆಸ್ಪತ್ರೆಗಳು ಸೇರಿ ನಡೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವ, ಒಂದು ಸೆಂಟಿಮೀಟರ್‌ಗಿಂತ ಸಣ್ಣ ಪಾಲಿಪ್ ಇರುವ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ ನಿಲ್ಲಿಸದೆ ಕೋಲ್ಡ್ ಸ್ನೇರ್, ಅಂದರೆ ಕರೆಂಟ್ ಇಲ್ಲದ ತಂತಿ ಕುಣಿಕೆಯಿಂದ ಕತ್ತರಿಸುವುದು. ಇನ್ನೊಂದಕ್ಕೆ ಹೆಪಾರಿನ್ ಕೊಟ್ಟು ಹಾಟ್ ಸ್ನೇರ್, ಅಂದರೆ ಕರೆಂಟ್ ಹಾಯಿಸಿದ ಕುಣಿಕೆ. ದೊಡ್ಡ ರಕ್ತಸ್ರಾವ ಆದದ್ದು ಮೊದಲ ಗುಂಪಿನಲ್ಲಿ ಶೇ 4.7, ಎರಡನೆಯದರಲ್ಲಿ ಶೇ 12. ಅಮೆರಿಕ ಮತ್ತು ಕೆನಡಾದ ತಜ್ಞರ ಸಂಘಗಳು 2022ರಲ್ಲಿ ಕೊಟ್ಟ ಸಲಹೆಯೂ ಇದೇ ದಿಕ್ಕಿನದು: ದೊಡ್ಡ ಪಾಲಿಪ್ ತೆಗೆಯುವಂಥ ಕೆಲಸ ಅಲ್ಲದಿದ್ದರೆ ವಾರ್ಫರಿನ್ ಮುಂದುವರಿಸಿ.

ಹೃದಯದ ಡಾಕ್ಟರ ಜೊತೆ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ವಾರ್ಫರಿನ್ ನಿಲ್ಲಿಸುವುದಿಲ್ಲ. 10 ಮಿ.ಮೀ.ಗಿಂತ ಸಣ್ಣದು ಸಿಕ್ಕರೆ ಅದೇ ದಿನ ಕರೆಂಟ್ ಇಲ್ಲದೆ ತೆಗೆಯುವುದು. ದೊಡ್ಡದು ಸಿಕ್ಕರೆ ಮುಟ್ಟದೆ, ತಯಾರಿ ಮಾಡಿಕೊಂಡು ಇನ್ನೊಮ್ಮೆ ಬರಹೇಳುವುದು. ಇದನ್ನು ಮೊದಲೇ ಮನೆಯವರಿಗೂ ಬಿಡಿಸಿ ಹೇಳಿ ಸಹಿ ಹಾಕಿಸಿಕೊಂಡೆವು. ಕವಾಟ ಇದೆಯಲ್ಲ, ಆಂಟಿಬಯೋಟಿಕ್ ಕೊಡಬೇಡವೇ ಎಂದು ಸಿಸ್ಟರ್ ಕೇಳಿದರು. ಕೊಲೊನೋಸ್ಕೋಪಿಗೆ ಬೇಕಿಲ್ಲ. ಅಮೆರಿಕದ ಹೃದಯ ತಜ್ಞರ ಸಂಘ 2007ರಲ್ಲೇ ಆ ರೂಢಿಯನ್ನು ಕೈಬಿಟ್ಟಿದೆ. ಹಲ್ಲು ಕೀಳಿಸುವಾಗ ಬೇಕು, ಅದು ಬೇರೆ ಮಾತು.

ಆ ದಿನ ಬೆಳಿಗ್ಗೆ ಐಎನ್‌ಆರ್ 2.6. ಹಿಂದಿನ ದಿನ ಗಂಜಿ, ಎಳನೀರು, ತಿಳಿ ಸಾರು. ಕರುಳು ಖಾಲಿ ಮಾಡಿಸುವ ಪೆಗ್ ಪುಡಿ ಕಲಸಿದ ನೀರನ್ನು ಅರ್ಧ ರಾತ್ರಿ, ಅರ್ಧ ಬೆಳಗಿನ ಜಾವ ಕುಡಿದಿದ್ದರು. ಕರುಳು ಚೆನ್ನಾಗಿ ಕ್ಲೀನ್ ಆಗಿತ್ತು.

ಏನೇನು ಸಿಕ್ಕಿತು

ಸ್ಕೋಪನ್ನು ಕೊನೆ ತನಕ ಕೊಂಡೊಯ್ದು ಹಿಂದಕ್ಕೆ ಎಳೆಯುತ್ತಾ ಬರುವಾಗ, ಏರು ಕರುಳಿನಲ್ಲಿ (ದೊಡ್ಡ ಕರುಳಿನ ಬಲಭಾಗ) 7 ಮಿ.ಮೀ. ಅಗಲದ, ಸ್ವಲ್ಪ ಮಾತ್ರ ಉಬ್ಬಿದ ಚಪ್ಪಟೆ ಪಾಲಿಪ್. ಅಡ್ಡ ಕರುಳಿನಲ್ಲಿ 2 ಮಿ.ಮೀ. ಚುಕ್ಕಿ. ಗುದನಾಳಕ್ಕೆ ಸ್ವಲ್ಪ ಮೇಲಿನ ಸಿಗ್ಮಾಯ್ಡ್‌ನಲ್ಲಿ ತೊಟ್ಟಿನ ಮೇಲೆ ನಿಂತ 8 ಮಿ.ಮೀ. ಪಾಲಿಪ್. ಗುದನಾಳದಲ್ಲಿ ಒಂದೆರಡು ಬಿಳಿಚಿದ ಪುಟ್ಟ ಉಬ್ಬು. ಯಾವುದರಲ್ಲೂ ಹುಣ್ಣಿಲ್ಲ, ಕುಳಿಯಿಲ್ಲ. ರಕ್ತನಾಳಗಳನ್ನು ಎತ್ತಿ ತೋರಿಸುವ ನ್ಯಾರೋ ಬ್ಯಾಂಡ್ ಬೆಳಕಿನಲ್ಲಿ ನೋಡಿದಾಗ ಏರು ಕರುಳಿನದ್ದೂ ಸಿಗ್ಮಾಯ್ಡ್‌ನದ್ದೂ ಕಂದು ಬಣ್ಣ, ಮೇಲ್ಮೈಯಲ್ಲಿ ರಕ್ತನಾಳಗಳ ಬಲೆ. ಅಡಿನೋಮಾ ಕಾಣುವುದೇ ಹಾಗೆ. ಅಡಿನೋಮಾ ಅಂದರೆ ಕ್ಯಾನ್ಸರ್ ಅಲ್ಲ, ಬಿಟ್ಟರೆ ವರ್ಷಗಳ ಮೇಲೆ ಕೆಲವು ಆಗಬಹುದು, ಅಷ್ಟೇ. ಅದಕ್ಕೇ ತೆಗೆಯುವುದು. ಅಡಿನೋಮಾ ತೆಗೆದವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇ 76ರಿಂದ 90ರಷ್ಟು ಕಡಿಮೆ ಎಂದು ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿ 1993ರಲ್ಲಿ ತೋರಿಸಿತು.

ಗುದನಾಳದ ಬಿಳಿಚಿದ ಉಬ್ಬುಗಳನ್ನು ಮುಟ್ಟಲಿಲ್ಲ. ಆ ಜಾಗದಲ್ಲಿ 5 ಮಿ.ಮೀ. ಒಳಗಿನ, ಹೈಪರ್‌ಪ್ಲಾಸ್ಟಿಕ್ (ನಿರಪಾಯದ ಬಗೆ) ಎಂದು ಖಚಿತವಾಗಿ ಕಾಣುವ ಪಾಲಿಪ್‌ಗಳನ್ನು ಬಿಟ್ಟುಬಿಡಬಹುದು.

ಕರೆಂಟ್ ಬಂದದ್ದು ಯಾಕೆ, ಹೋದದ್ದು ಯಾಕೆ

ಸ್ನೇರ್ ಅಂದರೆ ತಂತಿಯ ಕುಣಿಕೆ. ಪಾಲಿಪ್‌ನ ಬುಡಕ್ಕೆ ಹಾಕಿ ಬಿಗಿದರೆ ಕತ್ತರಿಸುತ್ತದೆ. ಕುಣಿಕೆಗೆ ವಿದ್ಯುತ್ ಹಾಯಿಸಿದರೆ ಹಾಟ್ ಸ್ನೇರ್, ಹಾಯಿಸದಿದ್ದರೆ ಕೋಲ್ಡ್ ಸ್ನೇರ್. ನ್ಯೂಯಾರ್ಕಿನಲ್ಲಿ 1969ರಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೋಸ್ಕೋಪ್ ಮೂಲಕ ಪಾಲಿಪ್ ತೆಗೆಯಲು ಶುರುಮಾಡಿದಾಗ ಬಳಸಿದ್ದು ಕರೆಂಟ್ ಹಾಯಿಸಿದ ಕುಣಿಕೆಯನ್ನೇ. ಆಗ ಅದು ಸರಿಯಾಗಿಯೇ ಇತ್ತು. ಹೊಟ್ಟೆ ಕೊಯ್ಯದೆ ತೆಗೆಯುತ್ತಿದ್ದೇವೆ, ರಕ್ತ ಬಂದರೆ ನಿಲ್ಲಿಸಲು ಬೇರೆ ದಾರಿಯೇ ಇಲ್ಲ. ಸುಟ್ಟರೆ ನಿಲ್ಲುತ್ತದೆ. ತೆಗೆಯುತ್ತಿದ್ದುದೂ ದೊಡ್ಡ ಪಾಲಿಪ್‌ಗಳನ್ನೇ. ಆಮೇಲೆ ಕ್ಯಾಮೆರಾ ಸುಧಾರಿಸಿತು, 3, 5, 7 ಮಿ.ಮೀ. ಪಾಲಿಪ್‌ಗಳು ಕಾಣತೊಡಗಿದವು. ಅವಕ್ಕೂ ಅದೇ ಕರೆಂಟ್ ಮುಂದುವರಿಯಿತು. ಕರೆಂಟ್ ಇಲ್ಲದೆಯೂ ಸಣ್ಣವನ್ನು ತೆಗೆಯಬಹುದು ಎಂಬ ವರದಿ 1992ರಲ್ಲೇ ಬಂದಿತ್ತು. ಅದು ರೂಢಿಯಾಗಲು ಇನ್ನೂ ಎರಡು ದಶಕ ಹಿಡಿಯಿತು.

ಯಾಕೆ ಅಷ್ಟು ತಡ? ನನ್ನ ಅನಿಸಿಕೆ ಇದು. ಕೋಲ್ಡ್ ಸ್ನೇರ್‌ನಲ್ಲಿ ಕತ್ತರಿಸಿದ ಕೂಡಲೇ ರಕ್ತ ಜಿನುಗುತ್ತದೆ. ಪರದೆ ಮೇಲೆ ಹತ್ತಾರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹೊಸಬರಿಗೆ ಕೈ ನಡುಗುತ್ತದೆ. ಹಾಟ್ ಸ್ನೇರ್‌ನಲ್ಲಿ ಜಾಗ ಬೆಳ್ಳಗೆ, ಒಣಗಿ, ಅಚ್ಚುಕಟ್ಟಾಗಿ ಕಾಣುತ್ತದೆ. ಡಾಕ್ಟರಿಗೆ ಸಮಾಧಾನ. ಆದರೆ ಆ ಬಿಸಿ ಮೇಲ್ಪದರದಲ್ಲೇ ನಿಲ್ಲುವುದಿಲ್ಲ. ಅದರ ಕೆಳಗಿನ ಪದರದಲ್ಲಿ ಸ್ವಲ್ಪ ದಪ್ಪ ರಕ್ತನಾಳಗಳಿವೆ, ಅವುಗಳ ಗೋಡೆಯನ್ನೂ ಸುಡುತ್ತದೆ. ಸುಟ್ಟ ಹಕ್ಕಳೆ ಐದಾರು ದಿನಕ್ಕೋ, ಹತ್ತು ದಿನಕ್ಕೋ ಉದುರುತ್ತದೆ. ಆಗ ರಕ್ತನಾಳ ಬಾಯಿ ಬಿಟ್ಟರೆ ರೋಗಿ ಎಲ್ಲಿರುತ್ತಾರೆ? ಮನೆಯಲ್ಲಿ. ಈ ತಾಯಿಯ ವಿಷಯದಲ್ಲಿ, ಎರಡು ಗಂಟೆ ದೂರದ ತೋಟದ ಮನೆಯಲ್ಲಿ, ವಾರ್ಫರಿನ್ ನುಂಗುತ್ತಾ.

ಅಂದರೆ ಎರಡು ವಿಧಾನಗಳೂ ರಕ್ತ ಬರಿಸಬಹುದು. ಒಂದರಲ್ಲಿ ಅದು ನಮ್ಮ ಕಣ್ಣೆದುರೇ ಬರುತ್ತದೆ, ಕೈಯಲ್ಲಿ ರಕ್ತನಾಳವನ್ನು ಹಿಡಿದು ಮುಚ್ಚುವ ಕ್ಲಿಪ್ ಇರುತ್ತದೆ, ರೋಗಿ ಮಂಚದ ಮೇಲೇ ಇರುತ್ತಾರೆ. ಇನ್ನೊಂದರಲ್ಲಿ ವಾರ ಬಿಟ್ಟು ಬರುತ್ತದೆ. ತೈವಾನಿನ ದೊಡ್ಡ ಅಧ್ಯಯನವೊಂದು 2023ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿತು. 4,270 ಜನ, 4ರಿಂದ 10 ಮಿ.ಮೀ. ಪಾಲಿಪ್‌ಗಳು. ತಡವಾಗಿ ರಕ್ತಸ್ರಾವ ಆದದ್ದು ಕೋಲ್ಡ್ ಗುಂಪಿನ 2,137 ಜನರಲ್ಲಿ 8 ಮಂದಿಗೆ, ಹಾಟ್ ಗುಂಪಿನ 2,133 ಜನರಲ್ಲಿ 31 ಮಂದಿಗೆ. ತೀವ್ರವಾದದ್ದು ಒಬ್ಬರಿಗೆ ಮತ್ತು ಎಂಟು ಮಂದಿಗೆ. ಸಮಯವೂ ಉಳಿಯಿತು, ಸರಾಸರಿ 163 ಸೆಕೆಂಡಿನ ಕೆಲಸ 119 ಸೆಕೆಂಡಿಗೆ ಮುಗಿಯಿತು. ವಾರ್ಫರಿನ್‌ನಲ್ಲಿರುವ 70 ರೋಗಿಗಳ ಮೇಲೆ ಜಪಾನಿನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಅಂತರ ಇನ್ನೂ ದೊಡ್ಡದು: ತಡವಾದ ರಕ್ತಸ್ರಾವ ಹಾಟ್‌ನಲ್ಲಿ ಶೇ 14, ಕೋಲ್ಡ್‌ನಲ್ಲಿ ಒಂದೂ ಇಲ್ಲ.

ಹಾಗಾದರೆ ಪೂರ್ತಿ ಹೋಗುತ್ತದೆಯೇ? ಸುಡದಿದ್ದರೆ ಅಂಚಿನಲ್ಲಿ ಏನಾದರೂ ಉಳಿಯಬಹುದಲ್ವಾ? ಇದು ನ್ಯಾಯವಾದ ಅನುಮಾನ. ಜಪಾನಿನ ಹನ್ನೆರಡು ಕೇಂದ್ರಗಳ ಅಧ್ಯಯನ, 2018ರದ್ದು, ತೆಗೆದ ಜಾಗದ ಅಂಚಿನಿಂದ ಮತ್ತೆ ತುಣುಕು ತೆಗೆದು ನೋಡಿತು. 4ರಿಂದ 9 ಮಿ.ಮೀ. ಪಾಲಿಪ್‌ಗಳು ಪೂರ್ತಿ ಹೋಗಿದ್ದು ಕೋಲ್ಡ್‌ನಲ್ಲಿ ಶೇ 98.2, ಹಾಟ್‌ನಲ್ಲಿ ಶೇ 97.4. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಕರೆಂಟ್ ಹಾಕಿದರೆ ಉಳಿದದ್ದು ಸುಟ್ಟು ಹೋಗುತ್ತದೆ ಎಂಬ ನಂಬಿಕೆಗೆ ಅಷ್ಟೇನೂ ಬಲವಿಲ್ಲ. ಅಮೆರಿಕದಲ್ಲಿ 2013ರಲ್ಲಿ ಹಾಟ್ ಸ್ನೇರ್‌ನಿಂದ ತೆಗೆದ 5ರಿಂದ 20 ಮಿ.ಮೀ. ಪಾಲಿಪ್‌ಗಳನ್ನು ಹೀಗೇ ಪರೀಕ್ಷಿಸಿದಾಗ ಹತ್ತರಲ್ಲಿ ಒಂದರ ಅಂಚಿನಲ್ಲಿ ಪಾಲಿಪ್ ಉಳಿದಿತ್ತು. ಅದಕ್ಕಿಂತ ಕುತೂಹಲದ ಸಂಗತಿ, ಡಾಕ್ಟರಿಂದ ಡಾಕ್ಟರಿಗೆ ಇದು ಶೇ 6.5ರಿಂದ 22.7ರ ತನಕ ಬದಲಾಗಿತ್ತು. ಉಪಕರಣ ಒಂದೇ, ಕೈ ಬೇರೆ.

ಏರು ಕರುಳಿನ ಪಾಲಿಪ್

ಬಲಭಾಗದ ಕರುಳಿನ ಗೋಡೆ ತೆಳ್ಳಗೆ. ಕರೆಂಟ್ ಹಾಕಲು ಅತ್ಯಂತ ಹೆದರಿಕೆಯ ಜಾಗ ಇದೇ. ಬಿಸಿ ಗೋಡೆಯ ಆಚೆಗೆ ಮುಟ್ಟಿದರೆ ತೂತಾಗದಿದ್ದರೂ ಜ್ವರ, ಹೊಟ್ಟೆನೋವು ಬರುತ್ತದೆ. ಕೆಳಗೆ ಉಪ್ಪುನೀರು ಚುಚ್ಚಿ ಉಬ್ಬಿಸಿ ತೆಗೆಯುವ ಇಎಂಆರ್ ವಿಧಾನವಿದೆ. 7 ಮಿ.ಮೀ.ಗೆ ಅದು ಬೇಕಿಲ್ಲ.

ಮೊದಲು ಸ್ಕೋಪನ್ನು ತಿರುಗಿಸಿ ಪಾಲಿಪ್ ಪರದೆಯಲ್ಲಿ ಗಡಿಯಾರದ ಐದು-ಆರು ಗಂಟೆ ಜಾಗಕ್ಕೆ ಬರುವ ಹಾಗೆ ಮಾಡಿದೆ. ಕುಣಿಕೆ ಹೊರಬರುವುದು ಅಲ್ಲೇ. ಅರ್ಧ ಕೆಲಸ ಇದು. ಆಮೇಲೆ ತೆಳು ತಂತಿಯ ಸ್ನೇರ್ ಬಿಚ್ಚಿ ಪಾಲಿಪ್ ಮೇಲೆ ಕೂರಿಸಿ, ಸುತ್ತಲೂ ಒಂದೆರಡು ಮಿ.ಮೀ. ಒಳ್ಳೆಯ ಪೊರೆಯನ್ನೂ ಸೇರಿಸಿಕೊಂಡೆ. ಸ್ವಲ್ಪ ಗಾಳಿ ಎಳೆದರೆ ಗೋಡೆ ಸಡಿಲವಾಗಿ ಕುಣಿಕೆಯೊಳಗೆ ತಾನೇ ತುಂಬಿಕೊಳ್ಳುತ್ತದೆ. "ನಿಧಾನ ಮುಚ್ಚಿ ಸಿಸ್ಟರ್... ಇನ್ನೂ... ಈಗ ಬಿಗಿಯಾಗಿ." ಹಾಟ್ ಸ್ನೇರ್‌ನಲ್ಲಿ ಈ ಹಂತದಲ್ಲಿ ಪಾಲಿಪ್ಪನ್ನು ಗೋಡೆಯಿಂದ ಮೇಲಕ್ಕೆ ಎತ್ತುತ್ತೇವೆ. ಕೋಲ್ಡ್‌ನಲ್ಲಿ ಎತ್ತಬಾರದು. ಗೋಡೆಗೆ ಒತ್ತಿ ಹಿಡಿದೇ ಮುಚ್ಚಬೇಕು, ಇಲ್ಲದಿದ್ದರೆ ಅಂಚು ಜಾರುತ್ತದೆ. ಹಿಡಿಯಲ್ಲಿ ಸಣ್ಣ ಪ್ರತಿರೋಧ, ಆಮೇಲೆ ಟಕ್ ಅಂತ ಕತ್ತರಿಸಿತು.

ಕೆಲವೊಮ್ಮೆ ಕತ್ತರಿಸದೆ ಸಿಕ್ಕಿಕೊಳ್ಳುತ್ತದೆ. ಕಾಲ ಹತ್ತಿರ ಕರೆಂಟಿನ ಪೆಡಲ್ ಇದ್ದರೆ ಒತ್ತಿಬಿಡೋಣ ಅನಿಸುತ್ತದೆ. ಕುಣಿಕೆಯಲ್ಲಿ ಆಳದ ಪದರ ಸಿಕ್ಕಿರಬಹುದು, ಆಗ ಕರೆಂಟ್ ಕೊಟ್ಟರೆ ತೂತು. ಸ್ವಲ್ಪ ಸಡಿಲ ಮಾಡಿ ಮತ್ತೆ ಬಿಗಿದರೆ ಹೆಚ್ಚಿನ ಸಲ ಬಿಡುತ್ತದೆ. ಮೊಂಡಾದ ಸ್ನೇರ್ ಇದ್ದರೆ ಈ ತಾಪತ್ರಯ ಜಾಸ್ತಿ. ಒಂದೇ ಸಲಕ್ಕೆಂದು ಮಾಡಿದ ಸ್ನೇರನ್ನು ತೊಳೆದು ತೊಳೆದು ಬಳಸುವ ಅಭ್ಯಾಸ ನಮ್ಮಲ್ಲಿ ಇರುವುದರಿಂದ ಹೇಳುತ್ತಿದ್ದೇನೆ. ಕೋಲ್ಡ್ ಸ್ನೇರ್‌ನಲ್ಲಿ ತಂತಿಯ ಹರಿತವೇ ಎಲ್ಲ ಕೆಲಸ ಮಾಡಬೇಕು.

ತೆಗೆದ ತುಣುಕನ್ನು ಸ್ಕೋಪ್‌ನ ಕೊಳವೆಯಲ್ಲೇ ಹೀರಿ ಬಲೆಯಲ್ಲಿ ಹಿಡಿದದ್ದಾಯಿತು. ಗಾಯದಿಂದ ರಕ್ತ ಜಿನುಗುತ್ತಿತ್ತು. ನೀರಿನ ಜೆಟ್ಟನ್ನು ನೇರ ಗಾಯದ ನಡುವೆ ಬಿಟ್ಟೆ. ನೀರು ಪದರದೊಳಗೆ ಹೋಗಿ ಗಾಯ ಉಬ್ಬುತ್ತದೆ, ಆ ಒತ್ತಡಕ್ಕೇ ಸಣ್ಣ ನಾಳಗಳು ಮುಚ್ಚುತ್ತವೆ, ಅಂಚುಗಳೂ ಸ್ಪಷ್ಟವಾಗುತ್ತವೆ. ಆಗ ಗಾಯದ ಮಧ್ಯೆ ಬಿಳೀ ದಾರದಂಥ ಉಬ್ಬು ಕಾಣಿಸಿತು. ಜೊತೆಗಿದ್ದ ತರಬೇತಿಯ ಡಾಕ್ಟರ್ ಕೇಳಿದರು, "ಸರ್, ಇನ್ನೂ ಉಳಿದಿದೆಯಲ್ವಾ?" ಪಾಲಿಪ್ ಅಲ್ಲ ಅದು. ಕೋಲ್ಡ್ ಸ್ನೇರ್ ಆದಮೇಲೆ ಕೆಲವು ಗಾಯಗಳಲ್ಲಿ ಪೊರೆಯ ಕೆಳಗಿನ ನಾರು ಹಾಗೆ ಎದ್ದು ನಿಲ್ಲುತ್ತದೆ. ಆಸ್ಟ್ರೇಲಿಯಾದ ವೈದ್ಯರು ಅಂಥ ಉಬ್ಬುಗಳಿಂದಲೇ ತುಣುಕು ತೆಗೆದು ನೋಡಿದ್ದಾರೆ, ಪಾಲಿಪ್ ಉಳಿದಿರಲಿಲ್ಲ. ಅದನ್ನು ಎಳೆಯಲೂ ಬಾರದು, ಸುಡಲೂ ಬಾರದು. ನೋಡಬೇಕಾದದ್ದು ಅಂಚನ್ನು. ಅಂಚು ಸುತ್ತಲೂ ಸ್ವಚ್ಛವಾಗಿತ್ತು.

ವಾರ್ಫರಿನ್ ಇಲ್ಲದವರಲ್ಲಿ ಈ ಜಿನುಗು ಬೇಗ ನಿಲ್ಲುತ್ತದೆ. ಇವರಲ್ಲಿ ಸ್ವಲ್ಪ ಹೊತ್ತು ಹಿಡಿಯಿತು. ಸಿಸ್ಟರ್ ಕ್ಲಿಪ್ ಕೈಗೆತ್ತಿಕೊಂಡಿದ್ದರು. ನಾನು ಕಾಯಲು ಹೇಳಿದೆ, ನಿಂತಿತು. ಒಂದೊಂದು ಕ್ಲಿಪ್ಪಿಗೂ ಸಾವಿರಾರು ರೂಪಾಯಿ. ಅದನ್ನು ಕೊಡುವವರು ರೋಗಿ.

ಉಳಿದ ಎರಡು

ಅಡ್ಡ ಕರುಳಿನ 2 ಮಿ.ಮೀ. ಚುಕ್ಕಿ ಮಡಿಕೆಯ ಹಿಂದೆ ಇತ್ತು. ಕುಣಿಕೆ ಕೂರಿಸಲು ಕಷ್ಟ. ದೊಡ್ಡ ಬಾಯಿಯ ಫೋರ್ಸೆಪ್ಸ್ ಎಂಬ ಚಿಮಟದಿಂದ ಒಂದೇ ಕಚ್ಚಿಗೆ ಬಂತು. 3 ಮಿ.ಮೀ. ಒಳಗಾದರೆ ಇದು ಸರಿ. ಅದಕ್ಕಿಂತ ದೊಡ್ಡದನ್ನು ಚಿಮುಟಿ ಚಿಮುಟಿ ತೆಗೆಯಲು ಹೋದರೆ ಮೊದಲ ಕಚ್ಚಿಗೇ ರಕ್ತ ಬಂದು ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ. 5 ಮಿ.ಮೀ. ಒಳಗಿನ ಪಾಲಿಪ್‌ಗಳನ್ನು ಹೋಲಿಸಿದ 2013ರ ಕೊರಿಯಾದ ಅಧ್ಯಯನದಲ್ಲಿ ಪೂರ್ತಿ ಹೋಗಿದ್ದು ಸ್ನೇರ್‌ನಲ್ಲಿ ಶೇ 93, ಫೋರ್ಸೆಪ್ಸ್‌ನಲ್ಲಿ ಶೇ 76. ಕರೆಂಟ್ ಹಾಯಿಸುವ ಹಾಟ್ ಬಯಾಪ್ಸಿ ಫೋರ್ಸೆಪ್ಸ್ ಅಂತ ಇನ್ನೊಂದಿದೆ. ಪೂರ್ತಿ ತೆಗೆಯುವುದೂ ಇಲ್ಲ, ಸುಡುವುದನ್ನೂ ಬಿಡುವುದಿಲ್ಲ, ತುಣುಕನ್ನೂ ಸುಟ್ಟು ಪೆಥಾಲಜಿಯವರಿಗೆ ಓದಲಾಗದಂತೆ ಮಾಡುತ್ತದೆ. ಯುರೋಪ್, ಅಮೆರಿಕ ಎರಡೂ ಕಡೆಯ ಮಾರ್ಗಸೂಚಿಗಳು ಬೇಡ ಅಂದಿವೆ. ಎಲ್ಲಾದರೂ ಬೀರುವಿನಲ್ಲಿ ಇದ್ದರೆ ಅಲ್ಲೇ ಇರಲಿ.

ಸಿಗ್ಮಾಯ್ಡ್‌ನದ್ದೇ ಯೋಚನೆಗೆ ಹಚ್ಚಿದ್ದು. ತೊಟ್ಟು ಇರುವ ಪಾಲಿಪ್‌ಗೆ ತೊಟ್ಟಿನೊಳಗೆ ರಕ್ತನಾಳ ಇರುತ್ತದೆ. ಅಲ್ಲಿ ಕರೆಂಟ್‌ಗೆ ಅರ್ಥವಿದೆ, ನಾಳವನ್ನು ಮುಚ್ಚಿಕೊಂಡೇ ಕತ್ತರಿಸುತ್ತದೆ. ಮಾರ್ಗಸೂಚಿಗಳೂ ತೊಟ್ಟಿನ ಪಾಲಿಪ್‌ಗೆ ಸಾಮಾನ್ಯವಾಗಿ ಹಾಟ್ ಸ್ನೇರ್ ಅನ್ನುತ್ತವೆ. ಕೋಲ್ಡ್‌ನಲ್ಲಿ ಕತ್ತರಿಸಿದರೆ ಆ ಕ್ಷಣವೇ ರಕ್ತ ಚಿಮ್ಮಬಹುದು. ಇವರದ್ದು ತೆಳು ತೊಟ್ಟು. ನನ್ನ ಮುಂದೆ ಮೂರು ದಾರಿ ಇದ್ದವು: ಹಾಟ್ ಸ್ನೇರ್ ಹಾಕಿ ತಡವಾದ ರಕ್ತಸ್ರಾವದ ಭಯ ಹೊರುವುದು, ಬಿಟ್ಟು ಹೆಪಾರಿನ್ ದಾರಿಯಲ್ಲಿ ಮತ್ತೆ ಕರೆಸುವುದು, ಇಲ್ಲವೇ ಮೊದಲು ತೊಟ್ಟಿನ ಬುಡಕ್ಕೆ ಕ್ಲಿಪ್ ಹಾಕಿ ಅದರ ಮೇಲೆ ಕೋಲ್ಡ್‌ನಲ್ಲಿ ಕತ್ತರಿಸುವುದು. ಮೂರನೆಯದನ್ನು ಆರಿಸಿದೆ. ಕ್ಲಿಪ್ ಲೋಹದ್ದು. ಪಕ್ಕದಲ್ಲೇ ಕರೆಂಟ್ ಹಾಯಿಸಿದರೆ ಅದರ ಮೂಲಕ ಗೋಡೆಗೆ ಬಿಸಿ ಇಳಿಯಬಹುದು. ಕೋಲ್ಡ್‌ನಲ್ಲಿ ಆ ಚಿಂತೆ ಇಲ್ಲ. ಕ್ಲಿಪ್ ಬಿದ್ದ ಮೇಲೆ ಪಾಲಿಪ್‌ನ ತಲೆ ನೀಲಿಗಟ್ಟಿತು, ನಾಳ ಮುಚ್ಚಿದೆ ಎಂದರ್ಥ. ಕತ್ತರಿಸಿದಾಗ ಒಂದು ಹನಿ ಅಷ್ಟೇ. ಇಲ್ಲಿ ಕ್ಲಿಪ್ಪಿಗೆ ಕೊಟ್ಟ ದುಡ್ಡು ಸಾರ್ಥಕ.

ಇದನ್ನೇ ನಿಯಮ ಅಂದುಕೊಳ್ಳಬೇಡಿ. ತೊಟ್ಟು ದಪ್ಪಗಿದ್ದಿದ್ದರೆ ಕೋಲ್ಡ್ ಸ್ನೇರ್ ಮುಟ್ಟುತ್ತಿರಲಿಲ್ಲ. ಮೇಲ್ಮೈಯಲ್ಲಿ ಕುಳಿ, ಹುಣ್ಣು, ಅಂದಗೆಟ್ಟ ರಕ್ತನಾಳ ಕಂಡಿದ್ದರೂ ಇಲ್ಲ. ಕೋಲ್ಡ್ ಸ್ನೇರ್ ಆಳಕ್ಕೆ ಕತ್ತರಿಸುವುದಿಲ್ಲ. ಕ್ಯಾನ್ಸರ್ ಅನುಮಾನ ಇದ್ದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಅದರ ತುಣುಕಿನಲ್ಲಿ ಹೇಳಲಾಗುವುದಿಲ್ಲ.

ಆಮೇಲೆ

ಸಂಜೆ ಎಂದಿನ ಡೋಸ್ ವಾರ್ಫರಿನ್. ಆ ರಾತ್ರಿ ಊರಿಗೆ ಹೋಗುವುದು ಬೇಡ, ಪೇಟೆಯಲ್ಲೇ ತಂಗಿ ಮನೆಯಲ್ಲಿ ಉಳಿಯಿರಿ ಅಂದೆ. ಕೋಲ್ಡ್‌ನಲ್ಲಿ ರಕ್ತ ಬರುವುದಿದ್ದರೆ ಹೆಚ್ಚಾಗಿ ಮೊದಲ ಒಂದೆರಡು ದಿನದೊಳಗೇ. "ಮಂಡಿ ನೋವಿಗೆ ಅಂಗಡಿ ಮಾತ್ರೆ ತಗೋಬೇಡಿ ಅಮ್ಮಾ, ವಾರ್ಫರಿನ್ ಜೊತೆ ಅದು ಯಾವಾಗಲೂ ಬೇಡ." "ಅದು ಗೊತ್ತು ಮಾರಾಯ್ರೇ, ಆ ಹೃದಯದ ಡಾಕ್ಟ್ರು ಹತ್ತು ಸಲ ಬೈದಿದ್ದಾರೆ," ಅಂದರು.

ರಕ್ತಸ್ರಾವ ಆಗಲಿಲ್ಲ. ಪೆಥಾಲಜಿ ವರದಿ ಬಂತು: ಏರು ಕರುಳಿನದ್ದೂ ಸಿಗ್ಮಾಯ್ಡ್‌ನದ್ದೂ ಟ್ಯೂಬುಲರ್ ಅಡಿನೋಮಾ (ಅಡಿನೋಮಾದ ಸಾಮಾನ್ಯ ಬಗೆ), ಲೋ ಗ್ರೇಡ್, ಅಂದರೆ ಜೀವಕೋಶಗಳ ಬದಲಾವಣೆ ಸ್ವಲ್ಪವೇ. ಅಡ್ಡ ಕರುಳಿನ ಚುಕ್ಕಿ ಪಾಲಿಪ್ಪೇ ಅಲ್ಲ, ಸಾಮಾನ್ಯ ಪೊರೆಯಲ್ಲಿ ಒಂದಿಷ್ಟು ಲಿಂಫ್ ಜೀವಕೋಶಗಳ ಗುಂಪು. ಅಷ್ಟು ಸಣ್ಣ ಚುಕ್ಕಿಗಳಲ್ಲಿ ಹೀಗೆ ಬರುವುದು ಮಾಮೂಲಿ.

10 ಮಿ.ಮೀ. ಒಳಗಿನ ಒಂದೆರಡು ಟ್ಯೂಬುಲರ್ ಅಡಿನೋಮಾ ಇದ್ದವರಿಗೆ ಅಮೆರಿಕದ 2020ರ ಸಲಹೆ ಏಳರಿಂದ ಹತ್ತು ವರ್ಷಕ್ಕೆ ಮತ್ತೊಮ್ಮೆ ಕೊಲೊನೋಸ್ಕೋಪಿ. ಯುರೋಪಿನವರು ವಿಶೇಷ ನಿಗಾ ಕೂಡ ಬೇಡ ಅನ್ನುತ್ತಾರೆ. ಇವರಿಗೆ ಮಾತ್ರ ಅಣ್ಣನ ಕಾರಣಕ್ಕೆ ಐದು ವರ್ಷ ಅಂತ ಬರೆದೆ.

ಮಗ ತನಗೂ ಬೇಕಾ ಎಂದು ಕೇಳಿದ. ಅವನಿಗೆ 31. ಅಮ್ಮನದ್ದು ಸಣ್ಣ ಅಡಿನೋಮಾ, ಕ್ಯಾನ್ಸರ್ ಆದದ್ದು ಸೋದರಮಾವನಿಗೆ. ಸದ್ಯಕ್ಕೆ ಬೇಡ. ಬೇಕಾಗಿರುವುದು ಆ ಮಾವನ ಮಕ್ಕಳಿಗೆ, 40 ತುಂಬಿದ ಕೂಡಲೇ. "ದೊಡ್ಡವನಿಗೆ ಈಗಲೇ 43," ಅಂದ. ಅಲ್ಲೇ ಫೋನ್ ಮಾಡಿಸಿದೆ.